ಡಾರ್ವಿನ್ನನ ಪಟ್ಟಿ, ನನ್ನ 40 ಪುಸ್ತಕ

ಹೋದ ವರ್ಷ ಜನವರಿ ಒಂದನೇ ತಾರೀಖು ಮೊಬೈಲಿನ ಆ್ಯಪ್ ಒಂದರಲ್ಲಿ 'ಈ ವರ್ಷ 40 ಪುಸ್ತಕ' ಅಂತ ಗುರಿ ಹಾಕ್ಕೊಂಡಿದ್ದೆ. ಡಿಸೆಂಬರ್ 29ಕ್ಕೆ ಮುಟ್ಟಿದೆ. ಹೇಗೆ ಮುಟ್ಟಿದೆ ಅಂತ ಹೇಳೋಕೆ ಸ್ವಲ್ಪ ನಾಚಿಕೆ. ನವೆಂಬರಿನಲ್ಲಿ ಇನ್ನೂ 11 ಬಾಕಿ ಇತ್ತು. ಅಲ್ಲಿಂದ ಮುಂದೆ ಪುಸ್ತಕ ಆರಿಸಿದ್ದೆಲ್ಲ ದಪ್ಪ ನೋಡಿ. ತಮಾಷೆ ಅಂದ್ರೆ, ಕಪಾಟಿನಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದದ್ದು ಕವನ ಸಂಕಲನಗಳೇ. ಆದರೂ ಕೈ ಹೋಗಲಿಲ್ಲ. ಒಂದನ್ನು ತೆಗೆದೆ, ನಾಲ್ಕನೇ ಪುಟಕ್ಕೆ ಬರೋ ಹೊತ್ತಿಗೆ 'ಇದರಲ್ಲಿ ಪಾಯಿಂಟ್ ಏನು?' ಅಂತ ಹುಡುಕ್ತಾ ಇದ್ದೆ. ಮುಚ್ಚಿಟ್ಟೆ. 40ರಲ್ಲಿ ಒಂದೂ ಪದ್ಯದ ಪುಸ್ತಕ ಇಲ್ಲ.

ಈ ಬೇಜಾರಲ್ಲಿ ಇದ್ದಾಗಲೇ ಚಾರ್ಲ್ಸ್ ಡಾರ್ವಿನ್ನನ ಓದಿನ ಪಟ್ಟಿ ಕಣ್ಣಿಗೆ ಬಿತ್ತು. ಬೀಗಲ್ ಹಡಗಿನ ಐದು ವರ್ಷದ ಪಯಣ ಮುಗಿಸಿ 1836ರಲ್ಲಿ ಇಂಗ್ಲೆಂಡಿಗೆ ವಾಪಸಾದ ಮೇಲೆ, 1838ರಿಂದ ಅವನು ಎರಡು ಪಟ್ಟಿ ಬರೆದಿಡೋಕೆ ಶುರು ಮಾಡ್ತಾನೆ. ಒಂದು, ಓದಬೇಕಾದ ಪುಸ್ತಕಗಳದ್ದು. ಇನ್ನೊಂದು, ಓದಿ ಮುಗಿಸಿದ್ದು. ಇಪ್ಪತ್ತೆರಡು ವರ್ಷ, ಅಂದರೆ 1860ರವರೆಗೆ ಇದು ನಡೆಯಿತು. ಆ ನೋಟ್‌ಬುಕ್ಕುಗಳು ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಪ್ರವಾಸ ಕಥನ, ಕುದುರೆ-ಪಾರಿವಾಳ ಸಾಕೋದು, ತೋಟಗಾರಿಕೆ, ಇತಿಹಾಸ, ತತ್ವಶಾಸ್ತ್ರ, ಕಾದಂಬರಿ ಎಲ್ಲ ಇವೆ. ಮುದುಕನಾದ ಮೇಲೆ ಆ ಪಟ್ಟಿ ನೋಡಿ, ಇಷ್ಟೆಲ್ಲ ಓದಿದ್ದು ನಾನೇನಾ ಅಂತ ಅವನಿಗೇ ಆಶ್ಚರ್ಯ ಆಯ್ತಂತೆ.

ಅವನು ಓದುತ್ತಿದ್ದ ರೀತಿ ನೋಡಿದರೆ ನಮ್ಮ ಕಸುಬಿನವರಿಗೆ ಖುಷಿ ಆಗುತ್ತೆ. ಪುಸ್ತಕವನ್ನು ಪೂಜೆ ಮಾಡೋ ಜಾತಿಯವನಲ್ಲ. ದಪ್ಪ ಪುಸ್ತಕ ಹಿಡಿಯೋಕೆ ಕಷ್ಟ ಅಂತ ಮಧ್ಯಕ್ಕೆ ಎರಡು ತುಂಡು ಮಾಡ್ತಿದ್ದ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್‌ಗೆ 'ನಿನ್ನ ಪುಸ್ತಕ ಕತ್ತರಿಸಬೇಕಾಯ್ತು ಮಾರಾಯ' ಅಂತ ಹೇಳಿ, ಎರಡನೇ ಮುದ್ರಣವನ್ನು ಎರಡು ಸಂಪುಟದಲ್ಲಿ ತರಿಸಿದೆ ಅಂತ ಜಂಬ ಕೊಚ್ಚಿಕೊಳ್ತಿದ್ದನಂತೆ. ಕಿರುಹೊತ್ತಿಗೆಗಳಾದರೆ ಬೇಕಾದ ಹಾಳೆ ಇಟ್ಕೊಂಡು ಉಳಿದದ್ದು ಹರಿದು ಬಿಸಾಕೋದು. ಓದುವಾಗ ಪೆನ್ಸಿಲಿನಲ್ಲಿ ಗೆರೆ, ಕೊನೆಯ ಪುಟದಲ್ಲಿ ಗೆರೆ ಎಳೆದ ಪುಟಗಳ ಸಣ್ಣ ಸೂಚಿ. ಮೂವತ್ತು ನಲವತ್ತು ದೊಡ್ಡ ಫೈಲುಗಳು, ಒಂದೊಂದು ವಿಷಯಕ್ಕೆ ಒಂದೊಂದು. ಹೊಸ ವಿಷಯದ ಮೇಲೆ ಬರೆಯೋಕೆ ಕೂರುವ ಮೊದಲು ಆ ಸೂಚಿಗಳನ್ನೆಲ್ಲ ಸೇರಿಸಿ ಒಂದು ದೊಡ್ಡ ಸೂಚಿ ಮಾಡಿಕೊಳ್ತಿದ್ದ. ಡೇಟಾಬೇಸ್ ಅನ್ನೋ ಪದ ಹುಟ್ಟೋಕೆ ನೂರು ವರ್ಷ ಮೊದಲು ಕೆಂಟ್ ಜಿಲ್ಲೆಯ ಹಳ್ಳಿಮನೆಯಲ್ಲಿ ಕೂತು ಮಾಡಿದ ಇಂಡೆಕ್ಸಿಂಗ್ ಅದು.

ಆದರೆ ಆ ಪಟ್ಟಿಯಲ್ಲಿ ಅವನ ಬದುಕು ತಿರುಗಿಸಿದ ಪುಸ್ತಕ ಯಾವುದು ಅಂದ್ರೆ, 1838ರ ಶರತ್ಕಾಲದಲ್ಲಿ ಓದಿದ ಥಾಮಸ್ ಮಾಲ್ಥಸ್‌ನ ಜನಸಂಖ್ಯೆಯ ಮೇಲಿನ ಪ್ರಬಂಧ. ಆಹಾರ ಹೆಚ್ಚೋದಕ್ಕಿಂತ ಬೇಗ ಜನ ಹೆಚ್ಚುತ್ತಾರೆ ಅನ್ನೋ ವಾದ. ಎಲ್ಲರಿಗೂ ಸಾಲದಿದ್ದರೆ ಪೈಪೋಟಿ, ಪೈಪೋಟಿಯಲ್ಲಿ ಹೊಂದಿಕೊಂಡದ್ದು ಉಳಿಯುತ್ತೆ. ನೈಸರ್ಗಿಕ ಆಯ್ಕೆಯ ಎಳೆ ಸಿಕ್ಕಿದ್ದು ಅಲ್ಲಿ. ಅದನ್ನು ಸುಮ್ಮನೆ ಮನರಂಜನೆಗೆ ಓದಿದೆ ಅಂತ ಆತ್ಮಕಥೆಯಲ್ಲಿ ಬರೀತಾನೆ. ಈ ಮಾತನ್ನು ನಾನು ಪೂರ್ತಿ ನಂಬಲ್ಲ. ಒಂದು ವರ್ಷಕ್ಕೂ ಮೇಲೆ ಅದೇ ಪ್ರಶ್ನೆ ತಲೆಯಲ್ಲಿ ಹೊತ್ಕೊಂಡು ತಿರುಗಿದವನಿಗೆ ಯಾವ ಓದು ಮನರಂಜನೆ?

ಇದೇ ಮನುಷ್ಯನಿಗೆ ಇನ್ನೊಂದು ಕಪಾಟಿತ್ತು. ಇನ್ನೂ ಓದದ ಪುಸ್ತಕಗಳನ್ನು ಪೇರಿಸಿಟ್ಟದ್ದು. ಮಗ ಫ್ರಾನ್ಸಿಸ್ ನೆನಪಿಸಿಕೊಳ್ಳೋ ಹಾಗೆ, ಅಪ್ಪ ಅದನ್ನು ನೋಡಿ ಆಗಾಗ ನರಳ್ತಿದ್ದ. ಅದರಲ್ಲಿ ಎಷ್ಟನ್ನೋ ಎಂದೂ ಓದೋಲ್ಲ ಅಂತ ಅವನಿಗೆ ಗೊತ್ತಿತ್ತು. ಇದನ್ನು ಓದಿ ನನಗೆ ಎಷ್ಟು ಸಮಾಧಾನ ಆಯ್ತು ಅಂತ ಹೇಳೋಕಾಗಲ್ಲ. ಪುಸ್ತಕ ಮೇಳದ ಚೀಲಗಳನ್ನು ಇನ್ನೂ ಬಿಚ್ಚದೆ ಇಟ್ಟವರಿಗೆ ಗೊತ್ತಾಗುತ್ತೆ.

ಸಮಾಧಾನ ಅಲ್ಲಿಗೆ ಮುಗೀತು. 1876ರಲ್ಲಿ, 67ನೇ ವಯಸ್ಸಿನಲ್ಲಿ ಮಕ್ಕಳಿಗೋಸ್ಕರ ಆತ್ಮಕಥೆ ಬರೆಯುವಾಗ ಡಾರ್ವಿನ್ ಒಂದು ಲೆಕ್ಕ ಒಪ್ಪಿಸ್ತಾನೆ. ಮೂವತ್ತು ವರ್ಷದವರೆಗೆ ಅವನಿಗೆ ಪದ್ಯ ಅಂದ್ರೆ ಪ್ರಾಣ. ಬೀಗಲ್ ಪಯಣದಲ್ಲಿ ಹಡಗಿನಿಂದ ಇಳಿದು ಒಳನಾಡಿಗೆ ಹೋಗುವಾಗ ಒಂದೇ ಪುಸ್ತಕ ಒಯ್ಯೋದಾದರೆ ಮಿಲ್ಟನ್‌ನ ಕಾವ್ಯವನ್ನೇ ಒಯ್ಯುತ್ತಿದ್ದ. ವರ್ಡ್ಸ್‌ವರ್ತ್‌ನ ಒಂದು ಉದ್ದನೆಯ ಕಾವ್ಯವನ್ನು ಎರಡು ಸಲ ಪೂರ್ತಿ ಓದಿದ್ದ. ಈಗ? ಒಂದು ಸಾಲು ಪದ್ಯ ಓದೋಕಾಗ್ತಿಲ್ಲ. ಶೇಕ್ಸ್‌ಪಿಯರ್ ತೆಗೆದರೆ ವಾಕರಿಕೆ ಬರೋಷ್ಟು ಬೇಸರ. ತನ್ನ ಮನಸ್ಸು ರಾಶಿ ರಾಶಿ ಸಂಗತಿಗಳನ್ನು ಅರೆದು ನಿಯಮ ತೆಗೆಯೋ ಯಂತ್ರದ ಥರ ಆಗಿಬಿಟ್ಟಿದೆ ಅಂತಾನೆ. ಯಾಕೆ ಹೀಗಾಯ್ತು ಅನ್ನೋದು ಅಷ್ಟು ದೊಡ್ಡ ವಿಜ್ಞಾನಿಗೂ ಅರ್ಥ ಆಗಲಿಲ್ಲ.

ಕಥೆ ಮಾತ್ರ ಬಿಟ್ಟಿರಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಸೋಫಾ ಮೇಲೆ ಮಲಗಿ ಸಿಗರೇಟು ಸೇದುತ್ತಾ, ಮನೆಯವರು ಗಟ್ಟಿಯಾಗಿ ಓದೋ ಕಾದಂಬರಿ ಕೇಳೋದು. ಕೊನೆ ಸುಖವಾಗಿರಬೇಕು. ದುಃಖದಲ್ಲಿ ಮುಗಿಯೋ ಕಾದಂಬರಿಗಳ ವಿರುದ್ಧ ಒಂದು ಕಾನೂನು ತರಬೇಕು ಅಂತ ಬರೆದಿದ್ದಾನೆ ಪುಣ್ಯಾತ್ಮ.

ಅದೇ ಆತ್ಮಕಥೆಯಲ್ಲಿ ಅವನು ಒಂದು ಓದಿನ ಗುರಿ ಇಡ್ತಾನೆ. ಬದುಕು ಇನ್ನೊಮ್ಮೆ ಸಿಕ್ಕರೆ, ವಾರಕ್ಕೆ ಒಮ್ಮೆಯಾದರೂ ಸ್ವಲ್ಪ ಪದ್ಯ ಓದೋದು, ಸ್ವಲ್ಪ ಸಂಗೀತ ಕೇಳೋದು ಅಂತ ನಿಯಮ ಮಾಡಿಕೊಳ್ತಿದ್ದೆ ಅಂತ. 22 ವರ್ಷದ ಪಟ್ಟಿ ಇಟ್ಟವನು ಕೊನೆಗೆ ಬಯಸಿದ್ದು ಇಷ್ಟು. ಎಷ್ಟು ಪುಸ್ತಕ ಅಂತ ಇಲ್ಲ, ವಾರಕ್ಕೊಮ್ಮೆ ಅಂತ ಇದೆ.

ಇದನ್ನು ಓದಿದಾಗ ನಮ್ಮೂರಿನ ಶ್ರಾವಣ ನೆನಪಾಯ್ತು. ರಾತ್ರಿ ಊಟ ಆದ್ಮೇಲೆ ತಾತ ಕಂದೀಲಿನ ಪಕ್ಕ ಕೂತು ಲಕ್ಷ್ಮೀಶನ ಜೈಮಿನಿ ಭಾರತ ರಾಗವಾಗಿ ಓದೋರು, ಇನ್ನೊಬ್ಬರು ಅರ್ಥ ಹೇಳೋರು. ಪ್ರತಿ ವರ್ಷವೂ ಅದೇ ಪುಸ್ತಕ. ಚಂದ್ರಹಾಸ ವಿಷದ ಪತ್ರ ತಗೊಂಡು ಹೋಗ್ತಾನೆ, ವಿಷಯೆ ಅದನ್ನು ತಿದ್ದುತ್ತಾಳೆ ಅಂತ ಎಲ್ಲರಿಗೂ ಗೊತ್ತು, ಆದರೂ ಆ ಭಾಗ ಬಂದಾಗ ಹೆಂಗಸರು ಮುಂದಕ್ಕೆ ಸರಿದು ಕೂರೋರು. ನನ್ನ ಆ್ಯಪಿನ ಲೆಕ್ಕದಲ್ಲಿ ತಾತ ಜೀವಮಾನದಲ್ಲಿ ಓದಿದ್ದು ಹೆಚ್ಚೆಂದರೆ ಆರು ಪುಸ್ತಕ. ಪಿಯುಸಿಗೆ ಸೈನ್ಸ್ ತಗೊಂಡು ಹಾಸ್ಟೆಲ್ಲಿಗೆ ಹೋದ ಮೇಲೆ ನಾನು ಆ ಶ್ರಾವಣಗಳಿಗೆ ಹೋಗಲಿಲ್ಲ. ಬಿಇ, ಕೆಲಸ, ಶಿಫ್ಟು. ಹಠ ಮಾಡಿ ಬಿಟ್ಟದ್ದಲ್ಲ, ಬಿಟ್ಟುಹೋದದ್ದೇ ಗೊತ್ತಾಗಲಿಲ್ಲ.

ಈ ಸಲ ಆ್ಯಪಿನಲ್ಲಿ ಸಂಖ್ಯೆ ಹಾಕಿಲ್ಲ. ಊರಿಂದ ತಾತನ ಪ್ರತಿ ತಂದಿದ್ದೀನಿ, ರಟ್ಟು ಕಿತ್ತುಹೋಗಿದೆ, ಅಂಚಿನಲ್ಲಿ ಎಣ್ಣೆ ಕಲೆ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ. ಮೊದಲ ವಾರ ಎರಡು ಷಟ್ಪದಿ ಬಿಡಿಸೋಕೆ ಆ ಅರ್ಧ ಗಂಟೆ ಸಾಲಲಿಲ್ಲ. ಎಲ್ಲಿ ಪದ ಒಡೆಯಬೇಕು ಅಂತಲೇ ತಿಳಿಯದೆ ಅಪ್ಪನಿಗೆ ಫೋನ್ ಮಾಡಿದೆ. ಅವರು ಸಾಲನ್ನು ಫೋನಿನಲ್ಲೇ ರಾಗ ತೆಗೆದು ಹೇಳಿದರು, ಪುಸ್ತಕ ನೋಡದೆ.