ನಿಲ್ಲಿಸಿ ನೋಡುವ ವಿದ್ಯೆ: ಡಿಬಗರ್ ನಡೆದುಬಂದ ದಾರಿ

ಪ್ರೋಗ್ರಾಂ ಬರೆಯಲು ಕಲಿಯುವ ವಿದ್ಯಾರ್ಥಿಗೆ ಎದುರಾಗುವ ತಪ್ಪುಗಳು ಎರಡು ಬಗೆಯವು. ಭಾಷೆಯ ನಿಯಮ ಮೀರಿದ್ದರೆ ಕಂಪೈಲರ್ ಕೂಡಲೇ ಸಾಲಿನ ಸಂಖ್ಯೆ ಕೊಟ್ಟು ತಿಳಿಸುತ್ತದೆ, ತಿದ್ದಿಕೊಂಡರೆ ಆಯಿತು. ಎರಡನೆಯ ಬಗೆಯದು ಕಠಿಣ. ಕಂಪೈಲರಿನಿಂದ ಯಾವ ಆಕ್ಷೇಪಣೆಯೂ ಬರುವುದಿಲ್ಲ, ಪ್ರೋಗ್ರಾಂ ಓಡುತ್ತದೆ, ಉತ್ತರ ಮಾತ್ರ ತಪ್ಪು. ಸೆಕೆಂಡಿಗೆ ಕೋಟಿಗಟ್ಟಲೆ ಆದೇಶಗಳನ್ನು ನಡೆಸುವ ಯಂತ್ರದೊಳಗೆ ಯಾವ ಆದೇಶದ ಬಳಿ ಲೆಕ್ಕ ದಾರಿ ತಪ್ಪಿತು ಎಂದು ಕಂಡುಹಿಡಿಯುವುದು ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರವೇ ಡಿಬಗರ್. ಓಡುತ್ತಿರುವ ಪ್ರೋಗ್ರಾಮನ್ನು ನಾವು ಹೇಳಿದ ಕಡೆ ನಿಲ್ಲಿಸಿ, ಅದರ ಒಳಗಿರುವ ಬೆಲೆಗಳನ್ನು ನಮಗೆ ತೋರಿಸುವ ಇನ್ನೊಂದು ಪ್ರೋಗ್ರಾಂ ಅದು.

ಇಂದು ಪ್ರೋಗ್ರಾಂ ಬರೆಯುವ ಯಾವುದೇ ತಂತ್ರಾಂಶವನ್ನು ತೆರೆದರೂ ಡಿಬಗರಿಗೆ ಸಂಬಂಧಿಸಿದ ಸೆಟ್ಟಿಂಗ್‌ಗಳು ಕಾಣಸಿಗುತ್ತವೆ. ಎಲ್ಲಿ ನಿಲ್ಲಬೇಕು, ಯಾವ ಬೆಲೆಗಳನ್ನು ತೋರಿಸಬೇಕು, ಹೆಸರುಗಳ ವಿವರವನ್ನು ಸೇರಿಸಬೇಕೆ ಬೇಡವೆ ಎಂಬಂಥ ಹತ್ತಾರು ಆಯ್ಕೆಗಳು. ಹೊಸಬರಿಗೆ ಇವು ಒಗಟಿನಂತೆ ಕಾಣುವುದು ಸಹಜ. ಆದರೆ ಇವುಗಳ ಇತಿಹಾಸ ತಿಳಿದರೆ ಒಗಟು ಬಿಡುತ್ತದೆ. ಒಂದೊಂದು ಆಯ್ಕೆಯೂ ಯಾವುದೋ ಕಾಲದಲ್ಲಿ ಯಾರೋ ಅನುಭವಿಸಿದ ಕಷ್ಟಕ್ಕೆ ಕಂಡುಕೊಂಡ ಪರಿಹಾರ.

ಹುಳದ ಕಥೆ

ಇಂಗ್ಲಿಷಿನಲ್ಲಿ 'ಬಗ್' ಎಂದರೆ ಹುಳ. ಯಂತ್ರದ ದೋಷಕ್ಕೆ ಈ ಹೆಸರು ಕಂಪ್ಯೂಟರಿಗಿಂತ ಹಳೆಯದು. ಥಾಮಸ್ ಆಲ್ವಾ ಎಡಿಸನ್ 1878ರಲ್ಲಿ ಬರೆದ ಪತ್ರವೊಂದರಲ್ಲಿಯೇ ತನ್ನ ಉಪಕರಣಗಳ ಸಣ್ಣಪುಟ್ಟ ದೋಷಗಳಿಗೆ ಈ ಪದ ಬಳಸಿದ್ದ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಯಂತ್ರದ ರಿಲೇ ಒಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತ್ತು. ಅಲ್ಲಿದ್ದವರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಇಂದಿಗೂ ವಸ್ತುಸಂಗ್ರಹಾಲಯದಲ್ಲಿದೆ. ಗಣಕವಿಜ್ಞಾನಿ ಗ್ರೇಸ್ ಹಾಪರ್ ಈ ಪ್ರಸಂಗವನ್ನು ಮತ್ತೆ ಮತ್ತೆ ಹೇಳಿ ಪ್ರಸಿದ್ಧಗೊಳಿಸಿದರು. 'ಬಗ್' ಎಂಬ ಪದ ಅಲ್ಲಿ ಹುಟ್ಟಿತೆಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಆ ಪದ ಆಗಲೇ ಬಳಕೆಯಲ್ಲಿದ್ದುದರಿಂದಲೇ ನಿಜವಾದ ಹುಳ ಸಿಕ್ಕಿದ್ದು ಅವರಿಗೆ ತಮಾಷೆಯಾಗಿ ಕಂಡಿತು.

ಆದರೆ ಪತಂಗವನ್ನು ಚಿಮ್ಮಟದಿಂದ ತೆಗೆಯಬಹುದು. ಆಲೋಚನೆಯಲ್ಲೇ ಇರುವ ದೋಷವನ್ನು ತೆಗೆಯಲು ಬೇರೆಯದೇ ಸಾಧನ ಬೇಕು.

ತಂತಿ ಕಿತ್ತು ನಿಲ್ಲಿಸಿದವರು

1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಪ್ರೋಗ್ರಾಂ ಅಳವಡಿಸುವುದೆಂದರೆ ಒಂದು ಘಟಕದಿಂದ ಇನ್ನೊಂದಕ್ಕೆ ಕೇಬಲ್‌ಗಳನ್ನು ಜೋಡಿಸುವುದು, ಸ್ವಿಚ್‌ಗಳನ್ನು ತಿರುಗಿಸುವುದು. ಈ ಕೆಲಸ ಮಾಡಿದ ಮೊದಲ ತಂಡದಲ್ಲಿದ್ದವರು ಆರು ಮಂದಿ ಮಹಿಳೆಯರು. ಲೆಕ್ಕವನ್ನು ಅರ್ಧದಲ್ಲಿ ನಿಲ್ಲಿಸಬೇಕಾದಾಗ ಅವರು ಆ ಹಂತದ ಕೇಬಲನ್ನೇ ಕಿತ್ತುಬಿಡುತ್ತಿದ್ದರು. ಮುಂದಿನ ಘಟಕಕ್ಕೆ ಸಂಕೇತ ಹೋಗದೆ ಯಂತ್ರ ನಿಲ್ಲುತ್ತಿತ್ತು. ಪುಟ್ಟ ನಿಯಾನ್ ದೀಪಗಳನ್ನು ನೋಡಿ ಅಲ್ಲಿಯವರೆಗಿನ ಸಂಖ್ಯೆಗಳನ್ನು ಓದಬಹುದಾಗಿತ್ತು. ತಂಡದ ಬೆಟ್ಟಿ ಹೋಲ್ಬರ್ಟನ್ ಅವರ ಹೆಸರು 'ಬ್ರೇಕ್‌ಪಾಯಿಂಟ್', ಅಂದರೆ ನಿಲುಗಡೆಯ ಜಾಗ, ಎಂಬ ಕಲ್ಪನೆಯೊಂದಿಗೆ ಸೇರಿಕೊಂಡಿದೆ. ಇಂದು ಸಾಲಿನ ಪಕ್ಕ ನಾವು ಇಡುವ ಕೆಂಪು ಚುಕ್ಕೆಯ ಮೂಲರೂಪ ಕಿತ್ತ ಕೇಬಲ್.

ಮೆಟ್ಟಿಲ ಮೇಲೆ ಹೊಳೆದ ಸತ್ಯ

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಯಂತ್ರ ತನ್ನ ಮೊದಲ ಪ್ರೋಗ್ರಾಮನ್ನು ನಡೆಸಿದ್ದು 1949ರ ಮೇ 6ರಂದು. ಅದನ್ನು ಕಟ್ಟಿದ ತಂಡದ ನಾಯಕ ಮಾರಿಸ್ ವಿಲ್ಕ್ಸ್. ಪ್ರೋಗ್ರಾಂ ಬರೆಯುವುದು ಸುಲಭವೆಂದೇ ಅವರೂ ಆರಂಭದಲ್ಲಿ ಭಾವಿಸಿದ್ದರು. ಯಂತ್ರವಿದ್ದ ಮಹಡಿಗೂ ಟೇಪಿಗೆ ರಂಧ್ರ ಹೊಡೆಯುವ ಸಲಕರಣೆ ಇದ್ದ ಮಹಡಿಗೂ ನಡುವೆ ಓಡಾಡುತ್ತಿದ್ದಾಗ, ಒಮ್ಮೆ ಮೆಟ್ಟಿಲ ಮೇಲೆಯೇ ಅವರಿಗೆ ಒಂದು ಸಂಗತಿ ಹೊಳೆಯಿತಂತೆ: ತಮ್ಮ ಉಳಿದ ಆಯುಷ್ಯದ ಬಹುಪಾಲು ತಮ್ಮದೇ ಪ್ರೋಗ್ರಾಂಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ. 1985ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಇದನ್ನು ನೆನೆದಿದ್ದಾರೆ.

ಆಗ ಅವರು ಬರೆಯುತ್ತಿದ್ದುದು ಏರಿ ಎಂಬ ಗಣಿತಜ್ಞನ ಹೆಸರಿನ ಸಮೀಕರಣವೊಂದನ್ನು ಬಿಡಿಸುವ ಪ್ರೋಗ್ರಾಂ. ದಶಕಗಳ ನಂತರ ಅದರ ಆರಂಭದ ಟೇಪೊಂದು ದೊರೆಯಿತು. ಇತಿಹಾಸಕಾರ ಮಾರ್ಟಿನ್ ಕ್ಯಾಂಪ್‌ಬೆಲ್-ಕೆಲಿ 1992ರಲ್ಲಿ ಅದರ ಅಧ್ಯಯನವನ್ನು ಪ್ರಕಟಿಸಿದರು. 126 ಸಾಲುಗಳ ಆ ಪ್ರೋಗ್ರಾಂನಲ್ಲಿ ಸುಮಾರು 20 ತಪ್ಪುಗಳಿದ್ದವು! ಕಂಪ್ಯೂಟರನ್ನೇ ಕಟ್ಟಿದವರ ಸ್ಥಿತಿ ಹೀಗಿದ್ದ ಮೇಲೆ ವಿದ್ಯಾರ್ಥಿಗಳು ತಮ್ಮ ತಪ್ಪುಗಳಿಗಾಗಿ ನಾಚಬೇಕಾದ್ದಿಲ್ಲ.

ಯಂತ್ರವನ್ನು ಒಂದೊಂದೇ ಆದೇಶದಂತೆ ಮುಂದೂಡಿ, ಪರದೆಯ ಮೇಲಿನ ಚುಕ್ಕೆಗಳನ್ನು ಇಣುಕಿ ನೋಡುವ ದಾರಿ ಒಂದಿತ್ತು. ಆದರೆ ಇದ್ದುದು ಒಂದೇ ಯಂತ್ರ, ಕಾದಿದ್ದವರು ಹಲವರು. ಒಬ್ಬರು ಯೋಚಿಸುತ್ತ ನಿಂತರೆ ಎಲ್ಲರ ವೇಳೆಯೂ ಹಾಳು. ಹೀಗಾಗಿ ಇಣುಕುವುದಕ್ಕೆ ನಿಷೇಧ ಬಿತ್ತು. ಅದಕ್ಕೆ ಬದಲಾಗಿ ಸ್ಟ್ಯಾನ್ಲಿ ಗಿಲ್ ಎಂಬ ಯುವ ಸಂಶೋಧಕ ಜಾಣ ಉಪಾಯ ಹೂಡಿದ. ಒಂದು ಪ್ರೋಗ್ರಾಂ ಇನ್ನೊಂದರ ಆದೇಶಗಳನ್ನು ಒಂದೊಂದಾಗಿ ಎತ್ತಿಕೊಂಡು ನಡೆಸುತ್ತದೆ. ನಡೆಸಿದ ಪ್ರತಿ ಆದೇಶದ ಗುರುತಿನ ಅಕ್ಷರವನ್ನು ಕಾಗದದ ಮೇಲೆ ಅಚ್ಚೊತ್ತುತ್ತದೆ. ಲೆಕ್ಕ ಯಾವ ದಾರಿಯಲ್ಲಿ ಹೋಯಿತು ಎಂಬುದರ ಹೆಜ್ಜೆಗುರುತು ಹೀಗೆ ಕೈಗೆ ಸಿಗುತ್ತಿತ್ತು. 1951ರಲ್ಲಿ ಗಿಲ್ ಪ್ರಕಟಿಸಿದ ಈ ಪ್ರಬಂಧ ಡಿಬಗಿಂಗ್ ಇತಿಹಾಸದ ಮೊದಲ ಶಾಸ್ತ್ರೀಯ ಬರಹಗಳಲ್ಲಿ ಒಂದು.

ಇಲ್ಲೊಂದು ತೊಡಕೂ ಇತ್ತು. ಎಡ್‌ಸ್ಯಾಕ್ ಸೆಕೆಂಡಿಗೆ ಸುಮಾರು 600 ಆದೇಶಗಳನ್ನು ನಡೆಸಬಲ್ಲದಾಗಿತ್ತು. ಟೆಲಿಪ್ರಿಂಟರ್ ಮುದ್ರಿಸುತ್ತಿದ್ದುದು ಸೆಕೆಂಡಿಗೆ ಆರೇಳು ಅಕ್ಷರ ಮಾತ್ರ. ಎಲ್ಲವನ್ನೂ ಮುದ್ರಿಸಹೊರಟರೆ ಯಂತ್ರದ ವೇಗ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂದು ಮೊದಲೇ ತೀರ್ಮಾನಿಸುವುದು ಅನಿವಾರ್ಯವಾಯಿತು. ಡಿಬಗರ್ ಸೆಟ್ಟಿಂಗ್ ಎಂಬುದರ ಬೀಜ ಇಲ್ಲಿದೆ.

ಡಿಡಿಟಿ ಸಿಂಪಡಣೆ

1953ರಲ್ಲಿ ಭಾರತದಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಊರೂರಿನ ಮನೆಗಳ ಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ಕೆಲವೇ ವರ್ಷಗಳಲ್ಲಿ ಅದೇ ಹೆಸರು ಕಂಪ್ಯೂಟರ್ ಕೋಣೆಯನ್ನೂ ಹೊಕ್ಕಿತು.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಟಿಎಕ್ಸ್-0 ಎಂಬ ಯಂತ್ರವಿತ್ತು. ಬೇರೆಡೆಗಳಲ್ಲಿ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಫಲಿತಾಂಶಕ್ಕಾಗಿ ಕಾಯಬೇಕಾಗಿದ್ದ ಕಾಲದಲ್ಲಿ, ಇಲ್ಲಿ ವಿದ್ಯಾರ್ಥಿಗಳು ಯಂತ್ರದ ಮುಂದೆಯೇ ಕುಳಿತು ಕೆಲಸ ಮಾಡಬಹುದಾಗಿತ್ತು. ಅದಕ್ಕಾಗಿ ಜ್ಯಾಕ್ ಡೆನ್ನಿಸ್ ಮತ್ತು ಥಾಮಸ್ ಸ್ಟಾಕ್‌ಹ್ಯಾಮ್ 1960ರ ಹೊತ್ತಿಗೆ ರಚಿಸಿದ ಡಿಬಗರಿಗೆ 'ಫ್ಲಿಟ್' ಎಂದು ಹೆಸರಿಟ್ಟರು. ಫ್ಲಿಟ್ ಆಗಿನ ಪ್ರಸಿದ್ಧ ಕೀಟನಾಶಕ. ಮುಂದೆ ಅದೇ ಸಂಸ್ಥೆಗೆ ಪಿಡಿಪಿ-1 ಯಂತ್ರ ಬಂದಾಗ ಅದರ ಡಿಬಗರ್ 'ಡಿಡಿಟಿ' ಆಯಿತು.

ಈ ಪ್ರೋಗ್ರಾಂಗಳಿಂದ ಎರಡು ದೊಡ್ಡ ಅನುಕೂಲಗಳಾದವು. ಮೊದಲನೆಯದು, ಕೇಬಲ್ ಕೀಳದೆ ನಿಲ್ಲಿಸುವುದು. ನಿಲ್ಲಬೇಕಾದ ಜಾಗದಲ್ಲಿದ್ದ ಆದೇಶವನ್ನು ಡಿಬಗರ್ ಎತ್ತಿಟ್ಟುಕೊಂಡು, ಅಲ್ಲಿ 'ಡಿಬಗರಿನ ಬಳಿಗೆ ಬಾ' ಎಂಬ ಆದೇಶವನ್ನು ಕೂರಿಸುತ್ತದೆ. ಓಡುತ್ತಾ ಬಂದ ಪ್ರೋಗ್ರಾಂ ಅಲ್ಲಿಗೆ ತಲುಪಿದೊಡನೆ ಹಿಡಿತ ಡಿಬಗರಿನ ಕೈಗೆ ಬರುತ್ತದೆ. ನೋಡುವುದೆಲ್ಲ ಮುಗಿದ ಮೇಲೆ ಮೂಲ ಆದೇಶವನ್ನು ನಡೆಸಿ ಮುಂದೆ ಬಿಡುತ್ತದೆ. ಇಂದಿನ ಬ್ರೇಕ್‌ಪಾಯಿಂಟ್‌ಗಳಲ್ಲಿ ಹೆಚ್ಚಿನವು ಇದೇ ತತ್ವದ ಮೇಲೆ ನಡೆಯುತ್ತವೆ. ಎರಡನೆಯದು, ಹೆಸರು. ಯಂತ್ರಭಾಷೆಯಲ್ಲಿ 'ಮೊತ್ತ', 'ಸರಾಸರಿ' ಎಂಬ ಹೆಸರುಗಳಿಲ್ಲ. ಇರುವುದು ಸ್ಮೃತಿಯ ವಿಳಾಸಸಂಖ್ಯೆಗಳು ಮಾತ್ರ. ಹೆಸರಿಗೂ ವಿಳಾಸಕ್ಕೂ ಇರುವ ನಂಟಿನ ಪಟ್ಟಿಯನ್ನು ಜೊತೆಗಿಟ್ಟರೆ, ನಾವು ಬರೆದ ಹೆಸರನ್ನೇ ಹೇಳಿ ಬೆಲೆ ಕೇಳಬಹುದು.

ಕಾಲೇಜಿನ ಪ್ರಯೋಗಾಲಯಕ್ಕೆ

1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಡಿಬಿ ಡಿಬಗರ್ ಮುಕ್ತವಾಗಿ ದೊರೆತು ಇಂದಿಗೂ ಬಳಕೆಯಲ್ಲಿದೆ. 1988ರಲ್ಲಿ ಬೋರ್ಲೆಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್ 5.0 ಮತ್ತು ಟರ್ಬೊ ಸಿ 2.0 ಬಂದವು. ಬರೆಯುವುದು, ಕಂಪೈಲ್ ಮಾಡುವುದು, ಡಿಬಗ್ ಮಾಡುವುದು ಮೂರೂ ಅವುಗಳಲ್ಲಿ ಒಂದೇ ಪರದೆಯ ಮೇಲೆ ಸೇರಿದ್ದವು. ಟರ್ಬೊ ಸಿ ಕರ್ನಾಟಕದ ಎಷ್ಟೋ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಹುಕಾಲ ನೆಲೆಸಿತ್ತು. ಎಫ್8 ಒತ್ತಿದರೆ ಒಂದು ಸಾಲು ಮುಂದೆ. ಎಫ್7 ಒತ್ತಿದರೆ, ಆ ಸಾಲು ಕರೆಯುವ ಫಂಕ್ಷನ್ನಿನ ಒಳಕ್ಕೆ. ಕಂಟ್ರೋಲ್ ಜೊತೆಗೆ ಎಫ್8 ಒತ್ತಿದರೆ ಬ್ರೇಕ್‌ಪಾಯಿಂಟ್.

ಅದರ ಮೆನುವಿನಲ್ಲಿ 'ಸೋರ್ಸ್ ಡಿಬಗಿಂಗ್' ಎಂಬ ಆಯ್ಕೆ ಇತ್ತು. 'ಆನ್' ಎಂದಿಟ್ಟರೆ ಹೆಸರುಗಳ ಪಟ್ಟಿ ಸೇರುತ್ತದೆ. 'ನನ್' ಎಂದಿಟ್ಟರೆ ಸೇರುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಯಂತ್ರದ ಆದೇಶಕ್ಕೂ ನಾವು ಬರೆದ ಸಾಲಿಗೂ ನಂಟು ಕಡಿದಂತೆ. ಸಾಲುಸಾಲಾಗಿ ನಡೆಯಲು ಆಗದು. ಹಾಗಾದರೆ ತೆಗೆದುಹಾಕುವ ಆಯ್ಕೆಯನ್ನಾದರೂ ಏಕಿಟ್ಟರು? ಆಗಿನ ಪಿಸಿಯಲ್ಲಿ ಡಾಸ್ ಪ್ರೋಗ್ರಾಂಗಳಿಗೆ ದೊರೆಯುತ್ತಿದ್ದ ಸ್ಮೃತಿ ಸಾಮಾನ್ಯವಾಗಿ 640 ಕಿಲೋಬೈಟ್‌ಗಳ ಮಿತಿಯೊಳಗಿತ್ತು. ಎಡಿಟರ್, ಕಂಪೈಲರ್, ಡಿಬಗರ್, ನಮ್ಮ ಪ್ರೋಗ್ರಾಂ ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ಜಾಗ ಉಳಿಸಲು ಪಟ್ಟಿಯನ್ನು ಬಿಡಬೇಕಾಗುತ್ತಿತ್ತು.

ಇಂದಿನ 'ಡಿಬಗ್' ಮತ್ತು 'ರಿಲೀಸ್' ಎಂಬ ಎರಡು ಆಯ್ಕೆಗಳು ಇದರ ಮುಂದುವರಿಕೆ. ರಿಲೀಸ್ ರೂಪದಲ್ಲಿ ಕಂಪೈಲರ್ ವೇಗಕ್ಕಾಗಿ ಆದೇಶಗಳ ಕ್ರಮ ಬದಲಿಸುತ್ತದೆ, ಅನಗತ್ಯವೆಂದು ಕಂಡ ಚರಾಂಶಗಳನ್ನು ತೆಗೆದೇಬಿಡುತ್ತದೆ. ಅಂಥ ಪ್ರೋಗ್ರಾಮನ್ನು ಡಿಬಗರಿನಲ್ಲಿ ನಡೆಸಿದರೆ ಗುರುತು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಜಿಗಿಯುತ್ತದೆ, ಬೆಲೆಗಳು ಕಾಣೆಯಾಗುತ್ತವೆ. ಡಿಬಗರ್ ಕೆಟ್ಟಿದೆಯೆಂದು ಕೈಚೆಲ್ಲುವ ಮೊದಲು ಈ ಆಯ್ಕೆಯನ್ನು ನೋಡುವುದು ಲೇಸು.

ಮಂಗಳ ಗ್ರಹದ ಮೇಲಿನ ದೋಷ

ಇಂಥ ಆಯ್ಕೆಗಳ ಬೆಲೆ ಎಷ್ಟೆಂಬುದನ್ನು 1997ರ ಒಂದು ಘಟನೆ ತೋರಿಸಿತು. ಆ ವರ್ಷದ ಜುಲೈ 4ರಂದು ಅಮೆರಿಕದ ಪಾಥ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಕೆಲವು ದಿನಗಳಲ್ಲೇ ಅದರ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿ ಹೊಸದಾಗಿ ಆರಂಭಗೊಳ್ಳತೊಡಗಿತು. ಪ್ರತಿ ಸಲವೂ ಆ ದಿನದ ಉಳಿದ ಕೆಲಸ ಮರುದಿನಕ್ಕೆ. ನೌಕೆ ಇದ್ದುದು ಸುಮಾರು 19 ಕೋಟಿ ಕಿಲೋಮೀಟರ್ ದೂರದಲ್ಲಿ. ರೇಡಿಯೋ ಸಂಕೇತ ಒಂದು ಕಡೆಗೆ ತಲುಪಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು.

ಕಾರಣವನ್ನು ಶಾಲೆಯ ಕಚೇರಿಯೊಂದರ ಉದಾಹರಣೆಯಿಂದ ತಿಳಿಯಬಹುದು. ಒಂದು ರಿಜಿಸ್ಟರ್ ಜವಾನನ ಕೈಯಲ್ಲಿದೆ. ಮುಖ್ಯೋಪಾಧ್ಯಾಯರಿಗೆ ಅದು ತುರ್ತಾಗಿ ಬೇಕು. ಆದರೆ ಇರುವ ಒಂದೇ ಮೇಜನ್ನು ಗುಮಾಸ್ತರು ಹಿಡಿದು ತಮ್ಮ ದೀರ್ಘ ಕೆಲಸದಲ್ಲಿ ಮುಳುಗಿದ್ದಾರೆ. ಮೇಜು ಸಿಗದೆ ಜವಾನ ತನ್ನ ಕೆಲಸ ಮುಗಿಸಿ ರಿಜಿಸ್ಟರ್ ಬಿಟ್ಟುಕೊಡುವಂತಿಲ್ಲ. ಹೀಗೆ ಎಲ್ಲರಿಗಿಂತ ಹಿರಿಯರೇ ಕಾಯುತ್ತ ಕುಳಿತರು. ನೌಕೆಯಲ್ಲಿ ಹವಾಮಾನದ ಮಾಹಿತಿ ಸಂಗ್ರಹಿಸುವ ಕೆಲಸ ಜವಾನನಂತೆ, ಸಂಪರ್ಕದ ಕೆಲಸ ಗುಮಾಸ್ತರಂತೆ, ಮಾಹಿತಿ ಹಂಚುವ ಮುಖ್ಯ ಕೆಲಸ ಮುಖ್ಯೋಪಾಧ್ಯಾಯರಂತೆ. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡು ಯಂತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತಿತ್ತು.

ಎಂಜಿನಿಯರುಗಳು ಊಹೆಯ ಬೆನ್ನು ಹತ್ತಲಿಲ್ಲ. ಘಟನೆಗಳ ಜಾಡು ದಾಖಲಿಸುವ ವ್ಯವಸ್ಥೆಯನ್ನು ಅವರು ನೌಕೆಯ ತಂತ್ರಾಂಶದಿಂದ ತೆಗೆಯದೆ ಹಾಗೆಯೇ ಬಿಟ್ಟಿದ್ದರು. ಭೂಮಿಯಲ್ಲಿದ್ದ ಅದೇ ಮಾದರಿಯ ಯಂತ್ರದ ಮೇಲೆ ಅದೇ ತಂತ್ರಾಂಶವನ್ನು ಜಾಡು ಹಿಡಿಯುವ ವ್ಯವಸ್ಥೆಯೊಂದಿಗೆ, ದೋಷ ಮರುಕಳಿಸುವವರೆಗೂ ಓಡಿಸಿದರು. ದಾಖಲೆ ಎಲ್ಲವನ್ನೂ ಹೇಳಿತು. ಪರಿಹಾರವೂ ಒಂದು ಸೆಟ್ಟಿಂಗೇ: ರಿಜಿಸ್ಟರ್ ಕೈಯಲ್ಲಿರುವಷ್ಟು ಹೊತ್ತು ಜವಾನನಿಗೂ ಮುಖ್ಯೋಪಾಧ್ಯಾಯರ ಅಧಿಕಾರ ನೀಡುವ ಆಯ್ಕೆ. ಅದು 'ಇಲ್ಲ' ಎಂದಿತ್ತು. ಭೂಮಿಯಿಂದ ಕಳುಹಿಸಿದ ಚಿಕ್ಕ ತಿದ್ದುಪಡಿ ಅದನ್ನು 'ಹೌದು' ಎಂದಾಗಿಸಿತು. ನೌಕೆ ಸೆಪ್ಟೆಂಬರ್ ಕೊನೆಯವರೆಗೂ ಕೆಲಸ ಮಾಡಿತು.

ನಿಮ್ಮ ಪರದೆಯ ಮೇಲೆ

ಇಂದಿನ ವಿಷುಯಲ್ ಸ್ಟುಡಿಯೋ ಕೋಡ್‌ನಂಥ ತಂತ್ರಾಂಶಗಳಲ್ಲಿ ಡಿಬಗರ್ ಸೆಟ್ಟಿಂಗ್‌ಗಳನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಡಬಹುದು. ಅದು ಕೇಳುವ ಪ್ರಶ್ನೆಗಳು ಹಳೆಯವೇ. ಯಾವ ಪ್ರೋಗ್ರಾಂ? ಅದಕ್ಕೆ ಕೊಡುವ ಮಾಹಿತಿ ಯಾವುದು? ಈ ಯಂತ್ರದಲ್ಲೋ ದೂರದ ಯಂತ್ರದಲ್ಲೋ? ಆರಂಭದಲ್ಲೇ ನಿಲ್ಲಬೇಕೇ? ಉತ್ತರ ಬರೆಯುವ ಮೊದಲು ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ಈ ಸಾಲಿನಲ್ಲಿ ಯಾವ ಬೆಲೆ ಇರಬೇಕೆಂದು ನಾನು ನಿರೀಕ್ಷಿಸುತ್ತೇನೆ? ಆ ನಿರೀಕ್ಷೆ ಇಲ್ಲದೆ ನಿಲ್ಲಿಸಿದರೆ ಕಣ್ಣ ಮುಂದಿರುವ ತಪ್ಪೂ ಕಾಣದು. ಎಲ್ಲಿ ನಿಲ್ಲಬೇಕೆಂಬುದನ್ನು ಡಿಬಗರ್ ತಾನಾಗಿ ಹೇಳಲಾರದು. ಕೇಬಲ್ ಕಿತ್ತವರ ಕಾಲದಿಂದ ಇಂದಿನವರೆಗೂ ಆ ತೀರ್ಮಾನ ಮನುಷ್ಯನದೇ.

ಚರ್ಚೆಗೆ

1. ಎಲ್ಲ ಆದೇಶಗಳನ್ನೂ ದಾಖಲಿಸುವುದರಿಂದ ಆಗುವ ಲಾಭವೇನು, ನಷ್ಟವೇನು?
2. ಡಿಬಗರಿನಲ್ಲಿ ಸರಿಯಾಗಿ ಓಡುವ ಪ್ರೋಗ್ರಾಂ ರಿಲೀಸ್ ರೂಪದಲ್ಲಿ ತಪ್ಪು ಉತ್ತರ ಕೊಟ್ಟರೆ ಕಾರಣ ಏನಿರಬಹುದು?
3. ಹತ್ತು ಸಾಲಿನ ಪ್ರೋಗ್ರಾಂ ಒಂದನ್ನು ಕಾಗದದ ಮೇಲೆ, ಗಿಲ್‌ನ ವಿಧಾನದಂತೆ, ಒಂದೊಂದೇ ಸಾಲಾಗಿ ನಡೆಸಿ ಬೆಲೆಗಳ ಪಟ್ಟಿ ಮಾಡಿ. ಅನಂತರ ಡಿಬಗರಿನೊಂದಿಗೆ ಹೋಲಿಸಿ ನೋಡಿ.