ಯೋಗವೂ ಕ್ಷೇಮವೂ: ಲಂಡನ್ ನಗರದ ಜಲವ್ಯವಸ್ಥೆಯ ಇತಿಹಾಸ

ನಗರದ ಕುಡಿಯುವ ನೀರನ್ನು ಲಾಭಾರ್ಥಿಗಳಾದ ಕಂಪೆನಿಗಳಿಗೆ ಒಪ್ಪಿಸಬಹುದೆ, ಅಥವಾ ಅದು ಸರ್ಕಾರದ ಅಧೀನದಲ್ಲಿಯೇ ಇರತಕ್ಕದ್ದೆ ಎಂಬ ವಿವಾದವು ಇತ್ತೀಚಿನದೆಂದು ಅನೇಕರು ಭಾವಿಸುತ್ತಾರೆ. ಆದರೆ ಲಂಡನ್ ನಗರವು ನಾಲ್ಕು ಶತಮಾನಗಳಿಂದ ಈ ಎರಡು ಪಕ್ಷಗಳನ್ನೂ ಅನುಭವದಿಂದಲೇ ಪರೀಕ್ಷಿಸಿದೆ. ಆ ವೃತ್ತಾಂತವನ್ನು ಆದ್ಯಂತವಾಗಿ ಪರಿಶೀಲಿಸಿದಲ್ಲಿ ವಿವಾದದ ಸ್ವರೂಪವೇ ಬೇರೆಯಾಗಿ ತೋರುತ್ತದೆ.

ಇಲ್ಲಿ ಧರ್ಮಶಾಸ್ತ್ರದ ಒಂದು ವಿಭಾಗವು ಉಪಕಾರಕವಾಗಿದೆ. ದೊರೆಯದುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕಾಪಾಡುವುದು ಕ್ಷೇಮ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ಮಿತಾಕ್ಷರೆಯ ದಾಯವಿಭಾಗಪ್ರಕರಣದಲ್ಲಿ ಕೆರೆ ಮೊದಲಾದವುಗಳ ನಿರ್ಮಾಣವನ್ನು ಕ್ಷೇಮವೆಂಬ ಶಬ್ದದಲ್ಲಿಯೇ ಗ್ರಹಿಸಿ, ಅದು ಅವಿಭಾಜ್ಯವೆಂದನು. ಬಾವಿ ಮೊದಲಾದ ಜಲಾಧಾರವನ್ನು ಬೆಲೆಕಟ್ಟಿ ಹಂಚದೆ ಸರದಿಯಂತೆ ಅನುಭವಿಸಬೇಕೆಂದೂ ನಿರ್ಣಯಿಸಿದನು. ಇದು ದಾಯಾದಿಗಳಿಗೆ ಹೇಳಿದ ಮಾತೇ ಹೊರತು ಮಹಾನಗರಕ್ಕೆ ವಿಧಿಸಿದ ಶಾಸನವಲ್ಲ. ಆದರೂ ಯೋಗ ಬೇರೆ, ಕ್ಷೇಮ ಬೇರೆ ಎಂಬ ವಿವೇಕವಿಲ್ಲದೆ ಲಂಡನ್ನಿನ ಇತಿಹಾಸವು ಅರ್ಥವಾಗುವುದಿಲ್ಲ.

ಯೋಗದಲ್ಲಿ ಖಾಸಗಿ ಬಂಡವಾಳದ ಸಾಮರ್ಥ್ಯವು ನಿರ್ವಿವಾದವಾದುದು. ಸರ್ ಹ್ಯೂ ಮಿಡಲ್ಟನ್ ಎಂಬ ವರ್ತಕನು ಹರ್ಟ್‌ಫರ್ಡ್ ಪ್ರಾಂತದ ಬುಗ್ಗೆಗಳಿಂದ ಕಾಲುವೆಯನ್ನು ತೋಡಿಸಿ 1613ರಲ್ಲಿ ನಗರಕ್ಕೆ ನೀರನ್ನು ತಂದನು. ಹಣ ಸಾಲದೆ ಹೋದಾಗ ದೊರೆಯಾದ ಒಂದನೆಯ ಜೇಮ್ಸನು ಅರ್ಧ ವೆಚ್ಚವನ್ನು ವಹಿಸಿ ಅರ್ಧ ಲಾಭಕ್ಕೆ ಹಕ್ಕುದಾರನಾದನು. ಇದರಿಂದ ಹುಟ್ಟಿದ ನ್ಯೂ ರಿವರ್ ಕಂಪೆನಿಯು ಸುಮಾರು ಮುನ್ನೂರು ವರ್ಷ ಬಾಳಿತು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹೊಸ ಕಂಪೆನಿಗಳು ತಲೆಯೆತ್ತಲು, ಸ್ಪರ್ಧೆಯಿಂದ ದರವಿಳಿದು ಗುಣವೇರುವುದೆಂದು ಪಾರ್ಲಿಮೆಂಟು ನಿರೀಕ್ಷಿಸಿತು. ಒಂದೇ ಬೀದಿಯಲ್ಲಿ ಎರಡು ಮೂರು ಕಂಪೆನಿಗಳ ಕೊಳವೆಗಳು ಹೂಳಲ್ಪಟ್ಟವು. ನಷ್ಟವನ್ನು ತಾಳಲಾರದೆ ಎಲ್ಲರೂ ಬಳಲಿದರು. ಕಡೆಗೆ 1817ರ ವೇಳೆಗೆ ಥೇಮ್ಸಿನ ಉತ್ತರದ ಕಂಪೆನಿಗಳು ಒಳ ಒಪ್ಪಂದದಿಂದ ನಗರವನ್ನು ಹಂಚಿಕೊಂಡು ದರವನ್ನು ಏರಿಸಿದವು. ಒಂದು ಮನೆಗೆ ಎರಡು ಕೊಳವೆಗಳನ್ನು ಎಳೆಯುವುದು ವ್ಯರ್ಥವ್ಯಯವಾದುದರಿಂದ, ನೀರಿನ ವ್ಯಾಪಾರದಲ್ಲಿ ಸ್ಪರ್ಧೆಯು ತಾನಾಗಿಯೇ ಏಕಸ್ವಾಮ್ಯವಾಗಿ ಪರಿಣಮಿಸುತ್ತದೆಂಬುದಕ್ಕೆ ಇದು ಮೊದಲ ನಿದರ್ಶನ.

ಕ್ಷೇಮದ ಪರೀಕ್ಷೆಯು ಕಾಲರಾ ಜಾಡ್ಯದ ರೂಪದಲ್ಲಿ ಬಂದಿತು. ನದಿಯ ದಕ್ಷಿಣಭಾಗದಲ್ಲಿ ಎರಡು ಕಂಪೆನಿಗಳು ಒಂದೇ ಬೀದಿಗಳಲ್ಲಿ ನೀರನ್ನು ಒದಗಿಸುತ್ತಿದ್ದವು. ಲ್ಯಾಂಬೆತ್ ಕಂಪೆನಿಯು 1852ರಲ್ಲಿಯೇ ನಗರದ ಕೊಳಚೆ ಸೇರದ ಮೇಲ್ದಂಡೆಗೆ ಹೋಗಿದ್ದಿತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿಯು ಹೋಗಿರಲಿಲ್ಲ. 1854ರ ಉಪದ್ರವದ ಮೊದಲ ಏಳು ವಾರಗಳಲ್ಲಿ, ಪ್ರತಿ 10,000 ಮನೆಗಳಿಗೆ ಮೊದಲನೆಯದರ ಗಿರಾಕಿಗಳಲ್ಲಿ 37 ಮರಣಗಳೂ ಎರಡನೆಯದರವರಲ್ಲಿ 315 ಮರಣಗಳೂ ಆದುವೆಂದು ವೈದ್ಯನಾದ ಜಾನ್ ಸ್ನೋ ಗಣಿಸಿದನು. ತಮ್ಮ ಮನೆಗೆ ಯಾರ ನೀರು ಬರುತ್ತಿದೆಯೆಂಬುದೇ ಅನೇಕ ನಿವಾಸಿಗಳಿಗೆ ತಿಳಿದಿರಲಿಲ್ಲ. ತಿಳಿಯದವನಿಗೆ ಆಯ್ಕೆಯ ಸ್ವಾತಂತ್ರ್ಯವಿದ್ದೂ ಪ್ರಯೋಜನವೇನು?

ಉಳಿದ ಕಂಪೆನಿಗಳು ಮೇಲ್ದಂಡೆಗೆ ಹೋದುದು 1852ರ ಶಾಸನವು 1855ರ ಗಡುವನ್ನು ವಿಧಿಸಿದುದರಿಂದಲೇ. ಆದರೆ ವಿಧಿಯೊಂದೇ ಸಾಲದೆಂಬುದು ಶೀಘ್ರದಲ್ಲಿಯೇ ವ್ಯಕ್ತವಾಯಿತು. 1866ರಲ್ಲಿ ಈಸ್ಟ್ ಲಂಡನ್ ಕಂಪೆನಿಯು ಮುಚ್ಚದ ಜಲಾಶಯದ ನೀರನ್ನು ಹರಿಯಬಿಟ್ಟುದರಿಂದ ಪೂರ್ವಭಾಗದಲ್ಲಿ ಕಾಲರಾ ಹಬ್ಬಿತು. ಆ ವರ್ಷ ಲಂಡನ್ನಿನಲ್ಲಿ 5,000ಕ್ಕೂ ಮಿಕ್ಕಿದ ಜನ ಆ ರೋಗದಿಂದ ಮಡಿದರು. ವಿಧಿಯಿದ್ದಿತು, ಪರೀಕ್ಷಕನಿರಲಿಲ್ಲ. 1871ರ ಶಾಸನವು ಜಲಪರೀಕ್ಷಕನನ್ನು ನಿಯಮಿಸಿತು. ಕಡೆಗೆ 1902ರ ಶಾಸನದಿಂದ ಎಂಟು ಕಂಪೆನಿಗಳ ಆಸ್ತಿಯೂ ಮೆಟ್ರೊಪಾಲಿಟನ್ ವಾಟರ್ ಬೋರ್ಡಿಗೆ ಸೇರುವಂತಾಗಿ, ಅದು 1904ರಲ್ಲಿ ಕಾರ್ಯಭಾರವನ್ನು ವಹಿಸಿಕೊಂಡಿತು.

ಹಾಗಾದರೆ ಸಾರ್ವಜನಿಕ ಸ್ವಾಮ್ಯದಿಂದ ಕ್ಷೇಮವು ಸಿದ್ಧವಾಯಿತೆ? ಪೂರ್ಣವಾಗಿ ಆಗಲಿಲ್ಲ. 1974ರಲ್ಲಿ ಸ್ಥಾಪಿತವಾದ ಪ್ರಾಂತೀಯ ಜಲಾಧಿಕಾರಗಳು ನದಿಗೆ ಕೊಳಚೆಯನ್ನು ಬಿಡುವವೂ ಅವೇ, ನದಿಯ ಮಾಲಿನ್ಯವನ್ನು ತಡೆಯಬೇಕಾದವೂ ಅವೇ ಆಗಿದ್ದವು. ಸರ್ಕಾರವು ಸಾಲದ ಮಿತಿಯನ್ನು ಬಿಗಿಗೊಳಿಸಲು ಹಳೆಯ ಕೊಳವೆಗಳ ದುರಸ್ತಿಗೆ ದ್ರವ್ಯವಿಲ್ಲದಾಯಿತು. ಆದಕಾರಣ 1989ರಲ್ಲಿ ಇಂಗ್ಲೆಂಡು ಮತ್ತು ವೇಲ್ಸಿನ ಹತ್ತು ಅಧಿಕಾರಗಳೂ ಮಾರಲ್ಪಟ್ಟಾಗ ವಾದಕ್ಕೆ ಬಲವಿಲ್ಲದೆ ಇರಲಿಲ್ಲ. ಅವುಗಳ ಸುಮಾರು 500 ಕೋಟಿ ಪೌಂಡು ಸಾಲವನ್ನು ಸರ್ಕಾರವೇ ಮನ್ನಾ ಮಾಡಿತು. ನದಿಗಳ ರಕ್ಷಣೆಗೂ ದರದ ನಿಯಂತ್ರಣಕ್ಕೂ ಪ್ರತ್ಯೇಕ ಸಂಸ್ಥೆಗಳು ಏರ್ಪಟ್ಟವು, ಬಂಡವಾಳ ಹರಿದುಬಂದಿತು, ಕುಡಿಯುವ ನೀರಿನ ಗುಣವೂ ಉತ್ತಮಗೊಂಡಿತು.

ಆದರೆ ಪರೀಕ್ಷಕರ ಕಣ್ಣು ದರದ ಮೇಲೆ ನೆಟ್ಟಷ್ಟು ಕಂಪೆನಿಯ ಸಾಲದ ಮೇಲೆ ನೆಡಲಿಲ್ಲ. ಸಾಲವಿಲ್ಲದೆ ಆರಂಭವಾದ ಥೇಮ್ಸ್ ವಾಟರ್ ಕಂಪೆನಿಯು ಕೈಯಿಂದ ಕೈಗೆ ಮಾರಾಟವಾಗುತ್ತ, 2024ರ ವೇಳೆಗೆ ಸುಮಾರು 1,500 ಕೋಟಿ ಪೌಂಡು ಸಾಲದಲ್ಲಿ ಮುಳುಗಿತು. ನದಿಗೆ ಕೊಳಚೆಯನ್ನು ಬಿಟ್ಟ ಅಪರಾಧಕ್ಕಾಗಿ 2017ರಲ್ಲಿ ಅದಕ್ಕೆ ಎರಡು ಕೋಟಿ ಪೌಂಡಿಗೂ ಮೀರಿದ ದಂಡ ಬಿದ್ದಿತು.

ಕರ್ಣಾಟಕಕ್ಕೂ ಈ ವಿಚಾರವು ದೂರದ್ದಲ್ಲ. ವಿಶ್ವಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಆಯ್ದ ಬಡಾವಣೆಗಳಲ್ಲಿ ಫ್ರೆಂಚ್ ಕಂಪೆನಿಯಾದ ವಿಯೋಲಿಯಾ 2008ರ ವೇಳೆಗೆ ಇಪ್ಪತ್ತನಾಲ್ಕು ಗಂಟೆಯೂ ನೀರನ್ನು ಹರಿಸಿತು. ಆಸ್ತಿಯು ನಗರಗಳದಾಗಿಯೇ ಉಳಿಯಿತು. ಮಾರಿದುದು ನೀರನ್ನಲ್ಲ, ಕೆಲಸವನ್ನು ಮಾತ್ರ ವಹಿಸಿದುದು. ಯೋಗವನ್ನು ಪರರಿಗೆ ವಹಿಸಬಹುದು. ಆದರೆ ಒಪ್ಪಂದದ ಅವಧಿ ಮುಗಿದ ಮೇಲೆ ಕ್ಷೇಮದ ಭಾರವು ನಗರದ ಮೇಲೆಯೇ ಬೀಳುತ್ತದೆಂಬುದನ್ನು ಮರೆಯಲಾಗದು.

ಈ ವೃತ್ತಾಂತದಿಂದ ಸಿದ್ಧವಾಗುವುದಿಷ್ಟು. ಕ್ಷೇಮವು ಲಾಭದಿಂದ ತಾನಾಗಿ ಹುಟ್ಟಲಿಲ್ಲ, ಸರ್ಕಾರವೆಂಬ ಹೆಸರಿನಿಂದಲೂ ತಾನಾಗಿ ಹುಟ್ಟಲಿಲ್ಲ. ಮೀರಲಾಗದ ವಿಧಿ, ಮಾರಾಟಗಾರನಿಂದ ಬೇರೆಯಾದ ಪರೀಕ್ಷಕ, ದುರಸ್ತಿಗೆಂದೇ ಮೀಸಲಾದ ದ್ರವ್ಯ, ಈ ಮೂರೂ ಕೂಡಿದಾಗ ಮಾತ್ರ ಅದು ನೆಲೆಗೊಂಡಿತು. ಒಂದು ತಪ್ಪಿದೆಡೆಯಲ್ಲೆಲ್ಲ ಒಡೆಯನು ಯಾರೇ ಆಗಿರಲಿ, ಫಲವನ್ನು ಉಂಡವರು ನೀರನ್ನು ಕುಡಿದ ಜನರೇ. ಆದುದರಿಂದ ಕೊಳವೆಗೆ ಒಡೆಯನಾರೆಂದು ಕೇಳುವುದಕ್ಕೆ ಮೊದಲು, ಅದಕ್ಕೆ ಕಾವಲುಗಾರನಾರೆಂದು ಕೇಳುವುದು ಉಚಿತ.