ಮನೆಯೆಂದವರು, ಕೊಡೆಯೆಂದವರು

ಮುರಕಲ್ಲಿನೊಳಗೆ ಕೊರೆದ ಗುಹೆಯೊಂದು ಕಣ್ಣಿಗೆ ಬಿದ್ದರೆ ನಮ್ಮ ಕಡೆಯ ಹಿರಿಯರು ಅದನ್ನು ಪಾಂಡವರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ವನವಾಸದಲ್ಲಿ ಪಾಂಡವರು ತಂಗದೆ ಬಿಟ್ಟ ಗುಡ್ಡ ದಕ್ಷಿಣ ದೇಶದಲ್ಲಿ ಒಂದಾದರೂ ಉಳಿದಿದೆಯೋ ಎಂಬುದು ನನ್ನ ಬಹುಕಾಲದ ಸಂಶಯ! ಮಲಬಾರಿನ ಇಂಥ ಗೋರಿಗಳ ಬಗ್ಗೆ 1823ರಷ್ಟು ಹಿಂದೆಯೇ ಬರೆದ ಬ್ಯಾಬಿಂಗ್ಟನ್ ಕೂಡ ಜನರ ಬಾಯಿಂದ ಕೇಳಿದ ‘ಪಾಂಡುಕುಳಿ’ ಎಂಬ ಹೆಸರನ್ನೇ ಬಳಸಿದ. ಮಲಯಾಳದಲ್ಲಿ ‘ಪಂಡ್’ ಎಂದರೆ ಬಹಳ ಹಿಂದೆ ಎಂದರ್ಥ. ಆ ಮಾತೇ ಪಾಂಡವರನ್ನು ಎಳೆದು ತಂದಿತೋ ಏನೋ ಎಂದು ನನಗೆ ಅನಿಸುವುದುಂಟು.

ಹೆಸರುಗಳ ಈ ವಿಚಾರ ಸ್ವಾರಸ್ಯದ್ದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ರಚನೆಗಳು ನೂರಾರಿವೆ. ಕನ್ನಡಿಗರು ಅವುಗಳನ್ನು ‘ಮೋರಿಯರ ಮನೆ’ ಎಂದರು. ತ್ರಿಶೂರು ಜಿಲ್ಲೆಯ ಅರಿಯನ್ನೂರು, ಚೇರಮನಂಗಾಡುಗಳಲ್ಲಿ ಒಳಕ್ಕೆ ವಾಲಿಸಿದ ನಾಲ್ಕು ಮುರಕಲ್ಲುಗಳ ಮೇಲೆ ಗುಮ್ಮಟದಂಥ ಮುಚ್ಚಳ ಕೂತಿದೆ. ಮಲಯಾಳಿಗಳು ಅದನ್ನು ‘ಕುಡಕ್ಕಲ್ಲ್’, ಎಂದರೆ ಕೊಡೆಗಲ್ಲು ಎಂದರು. ಮುಚ್ಚಳ ಮಾತ್ರ ನೆಲದ ಮೇಲಿದ್ದರೆ ಅದು ‘ತೊಪ್ಪಿಕ್ಕಲ್ಲ್’. ಬಯಲುಸೀಮೆಯವನಿಗೆ ಗೋರಿ ಮನೆಯಾಗಿ ಕಂಡಿತು, ಮಳೆನಾಡಿನವನಿಗೆ ಕೊಡೆಯಾಗಿ ಕಂಡಿತು. ಇದರಲ್ಲಿ ಆಶ್ಚರ್ಯವೇನು?

ಆದರೆ ಅಗೆದು ನೋಡಿದವರಿಗೆ ಕಂಡದ್ದು ಬೇರೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು. ಮರುವರ್ಷ ಬಿ. ಕೆ. ಥಾಪರ್ ತ್ರಿಶೂರಿನ ಪೋರ್ಕಳಂನಲ್ಲಿ ಅಗೆದರು. ಎರಡು ಕಡೆಯೂ ಗೋರಿಯಲ್ಲಿ ದೊರೆತದ್ದು ಕಬ್ಬಿಣದ ಸಾಮಾನು ಮತ್ತು ಒಳಗೆ, ಬಾಯಿಯ ಸುತ್ತ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆಗಳು. ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನದ ಜನ ಸತ್ತವರ ಜೊತೆ ಇಂಥವನ್ನು ಇಟ್ಟು ಕಳುಹಿಸುತ್ತಿದ್ದರು. ಕನ್ನಡವೆಂದೂ ಮಲಯಾಳವೆಂದೂ ಹೆಸರಿಟ್ಟು ಕರೆಯುವಂಥ ಭಾಷೆ ಅವರದಲ್ಲ. ಅವರನ್ನು ನಮ್ಮವರೆಂದು ಹೇಳಿಕೊಳ್ಳಲು ಎರಡು ಭಾಷೆಯವರಿಗೂ ಒಂದೇ ಅಳತೆಯ ಹಕ್ಕಿದೆ, ಅಥವಾ ಇಬ್ಬರಿಗೂ ಇಲ್ಲ.

ಗೋರಿಯ ರೂಪ ಬದಲಾದದ್ದು ಕಲ್ಲಿನಿಂದ. ಬಯಲುಸೀಮೆಯ ಕರಿಕಲ್ಲು ಹಾಳೆಯಂತೆ ಏಳುತ್ತದೆ, ಆದ್ದರಿಂದ ಚಪ್ಪಡಿಯ ಕೋಣೆ. ಕರಾವಳಿಯ ಮುರಕಲ್ಲು ಹಾಗಲ್ಲ. 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್, ನೆಲದೊಳಗಿರುವಾಗ ಕಬ್ಬಿಣದ ಆಯುಧಕ್ಕೆ ಸುಲಭವಾಗಿ ಬಗ್ಗಿ, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಅದರ ಗುಣವನ್ನು ಬರೆದಿಟ್ಟ. ಬುಕಾನನ್ನನಿಗಿಂತ ಎರಡು ಸಾವಿರ ವರ್ಷ ಮೊದಲೇ ಗೋರಿ ಕೊರೆದವರಿಗೆ ಇದು ಗೊತ್ತಿತ್ತು. ಮೊದಲು ಕೆಳಕ್ಕೊಂದು ಅಂಗಳ, ಇಳಿಯಲು ಮೆಟ್ಟಿಲು, ಮೈ ಕುಗ್ಗಿಸಿ ನುಗ್ಗಬೇಕಾದ ಬಾಗಿಲು. ಒಳಗೆ ದುಂಡನೆಯ ಕೋಣೆ, ಮೇಲೆ ಬೋಗುಣಿ ಕವುಚಿದಂಥ ಸೂರು. ಕೆಲವು ಕಡೆ ಸೂರಿನ ನಡುವೆ ತೂತು, ಕಲ್ಲಿನದೇ ಜಗಲಿ. ಕಾಸರಗೋಡು ಜಿಲ್ಲೆಯ ಉಮಿಚಿಪೊಯಿಲಿನಲ್ಲಿ ಇಂಥ ಕೋಣೆಗಳಿವೆ. ಮಲಬಾರಿನ ಗುಹೆಗಳಲ್ಲಿ ಸಿಗುವ ನಾಲ್ಕು ಕಾಲಿನ ಮಡಕೆ ನನಗಂತೂ ತುಂಬ ಇಷ್ಟ. ಒಲೆಗಲ್ಲು ಬೇಡ, ತಾನೇ ನಿಂತುಕೊಳ್ಳುತ್ತದೆ!

1956ರ ನವೆಂಬರ್ 1ರಂದು ನಮ್ಮೂರುಗಳು ಕೇರಳಕ್ಕೆ ಸೇರಿದ ಮೇಲೆ ಶಾಸನ, ದೇವಾಲಯ, ಊರಿನ ಹೆಸರು ಎಲ್ಲವೂ ಯಾರದು ಎಂಬ ವಾದಕ್ಕೆ ಸಾಕ್ಷಿಗಳಾದವು. ನಾನೂ ಅಂಥ ವಾದಗಳನ್ನು ಆಸಕ್ತಿಯಿಂದ ಓದಿದವನೇ. ಅಕ್ಷರವಿಲ್ಲದ ಈ ಗುಹೆಗಳು ಮಾತ್ರ ಯಾರ ಪರವಾಗಿಯೂ ಸಾಕ್ಷಿ ಹೇಳಲಾರವು. ಅದಕ್ಕೇ ಇರಬೇಕು, ಇವುಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇತ್ತ ನಮ್ಮ ಗುಡ್ಡಗಳಲ್ಲಿ ಕಲ್ಲು ಕೋರೆಗಳ ಯಂತ್ರ ಒಂದೇ ಅಳತೆಯ ಮುರಕಲ್ಲುಗಳನ್ನು ಸಾಲಾಗಿ ಕೊಯ್ಯುತ್ತದೆ. ಅದರ ದಾರಿಯಲ್ಲಿ ಪೊಳ್ಳು ಸಿಕ್ಕಿದರೆ ಕೋರೆಯವನಿಗೆ ಅದು ಕಲ್ಲು ಹುಟ್ಟದ ಜಾಗ, ಅಷ್ಟೇ. ಮಣ್ಣು ತುಂಬಿಸಿ ಮುಂದಿನ ಸಾಲಿಗೆ ಹೋಗುತ್ತಾನೆ.